ಡಬ್ಬಿ ಮೂರು ಲೀಟರ್, ಎಂಜಿನ್ ಎಷ್ಟು?

ಕೊಪ್ಪಳಕ್ಕೂ ಗದಗಿಗೂ ಹೆಚ್ಚುಕಮ್ಮಿ ನಡುವೆ ಇರುವ ತಳಕಲ್ಲು ಈಗ ಮೊದಲಿನ ತಳಕಲ್ಲಾಗಿ ಉಳಿದಿಲ್ಲ. ಗದಗ–ವಾಡಿ ಹೊಸ ರೈಲು ಮಾರ್ಗ ಹಳೆಯ ಹಳಿಯಿಂದ ಕವಲೊಡೆಯುವುದು ಇಲ್ಲೇ. 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೂ ರೈಲು ಓಡಿತು. ಊರಿಗೊಂದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂದಿದೆ, ಹತ್ತಿರದ ಭಾನಾಪುರದಲ್ಲಿ ಆಟಿಕೆ ಕಾರ್ಖಾನೆ ಎದ್ದಿದೆ. ಇವೆಲ್ಲದರ ಜೊತೆಗೆ, ಯಾರೂ ಉದ್ಘಾಟನೆ ಮಾಡದೆ ಬಂದದ್ದು ಸಣ್ಣ ಕಾರು. ಮೊದಲು ಜೀಪು, ಆಮೇಲೆ ಟಂಟಂ ನಿಲ್ಲುತ್ತಿದ್ದ ಕಡೆ ಈಗ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಐ10 ನಿಂತಿರುತ್ತವೆ. ಅವುಗಳಲ್ಲಿ ಬಹಳಷ್ಟು ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಒಬ್ಬರ ಕೈಯಲ್ಲೋ ಇಬ್ಬರ ಕೈಯಲ್ಲೋ ಓಡಿ ಇಲ್ಲಿಗೆ ಬಂದಂಥವು. ಕಂಪನಿಯ ಉಚಿತ ಸರ್ವಿಸ್ ಎಂದೋ ಮುಗಿದಿರುತ್ತದೆ, ಕೈಪಿಡಿ ಹಳೆಯ ಮಾಲೀಕನ ಮನೆಯಲ್ಲೇ ಉಳಿದಿರುತ್ತದೆ. ಹಾಗಾಗಿ ಸರ್ವಿಸ್ ಎಂದರೆ ರಸ್ತೆ ಬದಿಯ ಗ್ಯಾರೇಜು, ಮತ್ತು ಅಲ್ಲಿ ಸಾಮಾನ್ಯವಾಗಿ ಕೇಳಿಸುವ ಈ ಮಾತು:

"ಯಾವ ಆಯಿಲ್ ಹಾಕ್ಲಿರಿ ಅಣ್ಣಾರ?"

"ನಮ್ಮ ಕಡೆ ಬಿಸಲು ಭಾಳ ಐತಪಾ, ಗಟ್ಟೀದು ಹಾಕು. ಡಬ್ಬಿ ಪೂರಾ ಸುರುವಿಬಿಡು, ಉಳಿಸಿ ಏನ್ ಮಾಡೂದೈತಿ."

ಸಣ್ಣ ಕಾರಿನ ಎಂಜಿನ್ನಿಗೆ ನಾವು ಮಾಡುವ ಎರಡು ದೊಡ್ಡ ಅನ್ಯಾಯಗಳೂ ಈ ಒಂದೇ ಉತ್ತರದಲ್ಲಿವೆ. ಒಂದು ಆಯಿಲ್‌ನ ಜಾತಿಯದು, ಇನ್ನೊಂದು ಅಳತೆಯದು. ಜಾತಿಯ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿದೆ. ಅಳತೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಂಜಿನ್ ಹಾಳು ಮಾಡುವುದರಲ್ಲಿ ಈ ಎರಡನೆಯದೇನೂ ಕಮ್ಮಿಯಲ್ಲ.

ಮೊದಲು ಬಿಸಿಲಿನ ಮಾತು ಮುಗಿಸೋಣ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ನಿಜ. ಆದರೆ ಎಂಜಿನ್ ಒಳಗಿನ ಹವೆಯೇ ಬೇರೆ. ಪೆಟ್ರೋಲ್ ಉರಿಯುವ ಆ ಕ್ಷಣದಲ್ಲಿ ಸಿಲಿಂಡರಿನ ಒಳಗೆ ಎರಡು ಸಾವಿರ ಡಿಗ್ರಿಗೂ ಮೀರಿದ ಶಾಖ ಹುಟ್ಟುತ್ತದೆ. ಅದರ ಮುಂದೆ ಹೊರಗಿನ ಬಿಸಿಲು ಲೆಕ್ಕಕ್ಕೇ ಇಲ್ಲ. ಆ ಶಾಖವನ್ನು ಹತೋಟಿಯಲ್ಲಿಡಲು ಕೂಲೆಂಟ್, ರೇಡಿಯೇಟರ್, ಫ್ಯಾನ್ ಇವೆ. ಥರ್ಮೋಸ್ಟ್ಯಾಟ್ ಎಂಬ ಪುಟ್ಟ ಕವಾಟ 80–90 ಡಿಗ್ರಿಯ ಹೊತ್ತಿಗೆ ತೆರೆದುಕೊಂಡು ಕೂಲೆಂಟನ್ನು ರೇಡಿಯೇಟರಿಗೆ ಬಿಡುತ್ತದೆ. ಹೀಗಾಗಿ ಕಾರು ಅರ್ಧ ಗಂಟೆ ಓಡಿದ ಮೇಲೆ ಆಯಿಲ್ ಸಾಮಾನ್ಯವಾಗಿ ನೂರು ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ, ಶಿಮ್ಲಾದ ಜನವರಿಯಾದರೂ ಸರಿ, ತಳಕಲ್ಲಿನ ಮೇ ತಿಂಗಳಾದರೂ ಸರಿ. ಕೂಲಿಂಗ್ ವ್ಯವಸ್ಥೆ ಕೆಟ್ಟಿದ್ದರೆ ಮಾತು ಬೇರೆ. ಅದಕ್ಕೆ ರೇಡಿಯೇಟರ್ ತೊಳೆಸಬೇಕೇ ಹೊರತು ಆಯಿಲ್ ಗಟ್ಟಿ ಮಾಡುವುದಲ್ಲ.

ಡಬ್ಬಿಯ ಮೇಲಿನ ಅಂಕಿಗಳನ್ನು ಈಗ ನೋಡಿ. 5ಡಬ್ಲ್ಯೂ-30 ಎಂದಿದ್ದರೆ, ಡಬ್ಲ್ಯೂ ಹಿಂದಿನ ಅಂಕಿ ಚಳಿಯಲ್ಲಿ ಆ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ, ಮುಂದಿನ ಅಂಕಿ ನೂರು ಡಿಗ್ರಿಯಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನೂ ಹೇಳುತ್ತದೆ. ಅಮೆರಿಕದ ಎಸ್‌ಎಇ ಸಂಸ್ಥೆಯ ಈ ವರ್ಗೀಕರಣವನ್ನೇ ಜಗತ್ತು ಬಳಸುತ್ತದೆ. ಮಂದತೆಯನ್ನು ಅಳೆಯುವ ಮಾನ ಸೆಂಟಿಸ್ಟೋಕ್. ನೂರು ಡಿಗ್ರಿಯಲ್ಲಿ 20ರ ಆಯಿಲ್ 6.9ರಿಂದ 9.3, 30ರದು 9.3ರಿಂದ 12.5, 40ರದು 12.5ರಿಂದ 16.3, 50ರದು 16.3ರಿಂದ 21.9 ಸೆಂಟಿಸ್ಟೋಕ್ ಒಳಗಿರಬೇಕು.

ನಮ್ಮವರಿಗೆ ಅಚ್ಚರಿಯಾಗುವ ಸಂಗತಿ ಇರುವುದು ಇದರ ಬೆನ್ನಿಗೇ. ಎಲ್ಲರೂ "ನೀರಿನಂಥದ್ದು" ಎಂದು ಮೂಗು ಮುರಿಯುವ 0ಡಬ್ಲ್ಯೂ-20 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 40–45 ಸೆಂಟಿಸ್ಟೋಕ್ ಮಂದವಾಗಿರುತ್ತದೆ. ಗಟ್ಟಿಯೆಂದು ಹೆಸರಾದ 20ಡಬ್ಲ್ಯೂ-50 ನೂರು ಡಿಗ್ರಿಗೆ ಕಾದಾಗ ಇಳಿಯುವುದು 18ರ ಆಸುಪಾಸಿಗೆ. ಅಂದರೆ ಕಾರು ಸ್ಟಾರ್ಟ್ ಮಾಡುವ ಹೊತ್ತಿನಲ್ಲಿ, ಮೇ ತಿಂಗಳ ಮಧ್ಯಾಹ್ನವೇ ಆಗಿದ್ದರೂ, ಅತಿ ತೆಳು ಆಯಿಲ್ ಕೂಡ ಎಂಜಿನ್ನಿಗೆ ಬೇಕಾದದ್ದಕ್ಕಿಂತ ಹಲವು ಪಟ್ಟು ಗಟ್ಟಿಯಾಗಿಯೇ ಇರುತ್ತದೆ. ಜನವರಿಯ ಬೆಳಗ್ಗೆ, ಹದಿನೈದು ಡಿಗ್ರಿ ಚಳಿಯಲ್ಲಿ 20ಡಬ್ಲ್ಯೂ-50 ಎಣ್ಣೆಯಾಗಿರುವುದಿಲ್ಲ, ಒಲೆಯಿಂದ ಇಳಿಸಿ ಮರೆತ ಬೆಲ್ಲದ ಪಾಕವಾಗಿರುತ್ತದೆ. ಎಂಜಿನ್ ಹೆಚ್ಚು ಸವೆಯುವುದು ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡುಗಳಲ್ಲಿ, ಆಯಿಲ್ ಕೆಳಗಿನ ಚೇಂಬರಿನಿಂದ ಮೇಲಿನ ಕ್ಯಾಮ್‌ಶಾಫ್ಟಿನವರೆಗೆ ಏರುವಷ್ಟರಲ್ಲಿ. ಪಾಕದಂಥ ಆಯಿಲ್ ತಡವಾಗಿ ಏರುತ್ತದೆ, ಲೋಹಕ್ಕೆ ಲೋಹ ಅಷ್ಟು ಹೊತ್ತು ಒಣಒಣವಾಗಿ ಉಜ್ಜುತ್ತದೆ.

ಇಂದಿನ ಎಂಜಿನ್ನಿಗೆ ಇನ್ನೊಂದು ಕಾರಣಕ್ಕೂ ತೆಳು ಆಯಿಲ್ ಬೇಕು. ವಾಲ್ವ್ ತೆರೆಯುವ ಸಮಯವನ್ನು ವೇಗಕ್ಕೆ ತಕ್ಕಂತೆ ಹಿಂದೆಮುಂದೆ ಮಾಡುವ ವಿವಿಟಿ, ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಎರಡೂ ಕೆಲಸ ಮಾಡುವುದು ಆಯಿಲ್‌ನ ಒತ್ತಡದಿಂದಲೇ, ಅದೂ ಬಲು ಕಿರಿದಾದ ರಂಧ್ರಗಳ ಮೂಲಕ. ಬೇರಿಂಗ್ ನಡುವಿನ ಸಂದು ಕೂಡ ಆ ತೆಳುವಿಗೆ ತಕ್ಕಂತೆ ಕೊರೆದದ್ದು. ಗಟ್ಟಿ ಆಯಿಲ್ ಸುರಿದರೆ ಪಂಪಿಗೆ ಹೊರೆ, ಮೈಲೇಜು ಇಳಿಕೆ.

"ಗಟ್ಟೀದು ಹಾಕು" ಎನ್ನುವ ಹಿರಿಯರನ್ನು ಗೇಲಿ ಮಾಡುವುದು ತರವಲ್ಲ. ಅವರ ಪಾಠ ಅಂಬಾಸಿಡರ್, ಫಿಯಟ್, ಜೀಪುಗಳ ಕಾಲದ್ದು. ಆ ಎಂಜಿನ್‌ಗಳ ಸಂದುಗಳು ದೊಡ್ಡವು, ಆಗಿನ ಆಯಿಲ್‌ಗಳೂ ಕಾದರೆ ಬೇಗ ತೆಳುವಾಗುತ್ತಿದ್ದವು. 20ಡಬ್ಲ್ಯೂ-40, 20ಡಬ್ಲ್ಯೂ-50 ಅಲ್ಲಿ ಸರಿಯಾದ ಉತ್ತರವೇ ಆಗಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮೇಲೂ ಅದೇ ಪಾಠ ಬಹುಕಾಲ ನಡೆಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು, ಪಾಠ ಮಾತ್ರ ಗ್ಯಾರೇಜಿನಲ್ಲಿ ಉಳಿದುಕೊಂಡಿತು.

ಹಾಗಾದರೆ ನಿಮ್ಮ ಕಾರಿಗೆ ಯಾವುದು? ಕೈಪಿಡಿ ಹೇಳಿದ್ದು, ಅಷ್ಟೇ. ಇಲ್ಲಿ ಜಾಣತನಕ್ಕೆ ಜಾಗವಿಲ್ಲ. ಮಾರುತಿಯ ಇತ್ತೀಚಿನ ಪೆಟ್ರೋಲ್ ಕಾರುಗಳಿಗೆ 0ಡಬ್ಲ್ಯೂ-16ರಷ್ಟು ತೆಳು ಆಯಿಲ್ ಸೂಚಿಸಿದ್ದಾರೆ. ಹತ್ತು ಹದಿನೈದು ವರ್ಷ ಹಿಂದಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವಕ್ಕೆ 5ಡಬ್ಲ್ಯೂ-30 ಹೊಂದುತ್ತದೆ. ಕೈಪಿಡಿ ಕಳೆದಿದ್ದರೆ ಬಾನೆಟ್ ಎತ್ತಿ ಆಯಿಲ್ ಸುರಿಯುವ ಮುಚ್ಚಳ ನೋಡಿ, ಹಲವು ಕಾರುಗಳಲ್ಲಿ ದರ್ಜೆಯನ್ನು ಅದರ ಮೇಲೇ ಅಚ್ಚೊತ್ತಿರುತ್ತಾರೆ. ಇಲ್ಲದಿದ್ದರೆ ಕಾರು, ವರ್ಷ, ಎಂಜಿನ್ ಹೆಸರು ಹಾಕಿ ಹುಡುಕಿದರೆ ಕಂಪನಿಯ ಕೈಪಿಡಿ ಮೊಬೈಲಿನಲ್ಲೇ ಸಿಗುತ್ತದೆ. ಮನೆಯ ಹುಡುಗರಿಗೆ ಹೇಳಿ, ಐದು ನಿಮಿಷದ ಕೆಲಸ.

ಡಬ್ಬಿಯ ಮೇಲಿನ ಅಂಕಿಯ ಪಕ್ಕದಲ್ಲೇ ಎಪಿಐ ಎಂಬ ಗುರುತು, ಎರಡಕ್ಷರ ಇರುತ್ತವೆ. ಎಸ್ ಎಂದು ಶುರುವಾದರೆ ಪೆಟ್ರೋಲ್ ಎಂಜಿನ್ನಿನದು, ಸಿ ಎಂದಾದರೆ ಡೀಸೆಲ್‌ನದು. ಎಸ್ ನಂತರದ ಅಕ್ಷರ ಮುಂದೆ ಹೋದಷ್ಟೂ ಆಯಿಲ್ ಹೊಸ ಪರೀಕ್ಷೆಗಳನ್ನು ಪಾಸು ಮಾಡಿದೆ ಎಂದರ್ಥ: ಎಸ್‌ಎನ್ 2010ರದು, ಎಸ್‌ಪಿ 2020ರದು. ಹಳೆಯ ಕಾರಿಗೆ ಹೊಸ ಅಕ್ಷರದ ಆಯಿಲ್ ಹಾಕಬಹುದು, ಹೊಸ ಕಾರಿಗೆ ಹಳೆಯ ಅಕ್ಷರದ್ದು ಬೇಡ. ಆದರೆ ಎಸ್‌ಪಿ ಎಂದಿದೆಯಲ್ಲ ಎಂದು 0ಡಬ್ಲ್ಯೂ-16 ತಂದು ಹಳೆಯ ಆಲ್ಟೊಗೆ ಸುರಿಯಬೇಡಿ. ಅಷ್ಟು ತೆಳು ಆಯಿಲ್ ಅದಕ್ಕೆಂದೇ ರೂಪಿಸಿದ ಎಂಜಿನ್ನಿಗೆ ಮಾತ್ರ. ಟರ್ಬೊ ಇರುವ ಸಣ್ಣ ಪೆಟ್ರೋಲ್ ಕಾರಿನವರು ಎಸ್‌ಪಿ ಅಥವಾ ಅದಕ್ಕಿಂತ ಹೊಸದನ್ನೇ ಕೇಳಿ ಕೊಳ್ಳಬೇಕು. ಕಡಿಮೆ ವೇಗದಲ್ಲಿ ಎಂಜಿನ್ ಮೇಲೆ ಭಾರ ಬಿದ್ದಾಗ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ ಒಡೆಯುವ ಕಾಯಿಲೆಯನ್ನು ತಡೆಯುವ ಪರೀಕ್ಷೆ ಅದರಲ್ಲಿದೆ. 2020ರ ನಂತರದ ಬಿಎಸ್6 ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಟ್ರ್ಯಾಕ್ಟರಿಗೆಂದು ತಂದ ಕ್ಯಾನಿನಲ್ಲಿ ಉಳಿದದ್ದನ್ನು ಅದಕ್ಕೆ ಸುರಿದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದನ್ನು ಬದಲಿಸುವ ಖರ್ಚು ಕೇಳಿದರೆ ಎದೆ ಒಡೆಯುತ್ತದೆ.

ಗಟ್ಟಿ ಆಯಿಲ್‌ಗೆ ಒಂದು ಕಡೆ ಮಾತ್ರ ನನ್ನ ಒಪ್ಪಿಗೆ ಇದೆ. ಲಕ್ಷ, ಒಂದೂವರೆ ಲಕ್ಷ ಕಿಲೋಮೀಟರ್ ಓಡಿ, ರಿಂಗ್ ಸವೆದು, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ ಬಿಡುತ್ತಾ ಆಯಿಲ್ ತಿನ್ನುವ ಹಳೆಯ ಎಂಜಿನ್. ಅದರ ಕೈಪಿಡಿಯ ಪಟ್ಟಿಯಲ್ಲಿ 10ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40 ಇದ್ದರೆ ಒಂದು ಮೆಟ್ಟಿಲು ಮೇಲೆ ಹೋಗಬಹುದು. ಆಗಲೂ ಇದು ಔಷಧವಲ್ಲ, ಎಂಜಿನ್ನಿನ ಬೋರ್ ಕೆಲಸವನ್ನು ಮುಂದೂಡುವ ಉಪಾಯ.

ನಮ್ಮ ಸೀಮೆಗೆ ನಿಜವಾಗಿ ಚಿಂತೆ ಮಾಡಬೇಕಾದದ್ದು ಬಿಸಿಲಿಗಿಂತ ಧೂಳು. ಎರೆಮಣ್ಣಿನ ಹೊಲದ ದಾರಿ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿ, ಗಿಣಿಗೇರಿ ಸುತ್ತಲಿನ ಉಕ್ಕಿನ ಕಾರ್ಖಾನೆಗಳ ಲಾರಿಗಳು, ಸುಗ್ಗಿಯಲ್ಲಿ ರಸ್ತೆ ಮೇಲೇ ಹರವಿದ ರಾಶಿಯ ಹೊಟ್ಟು. ಏರ್ ಫಿಲ್ಟರ್ ಹರಿದಿದ್ದರೆ ಕಲ್ಲಿನ ಆ ಸಣ್ಣ ಪುಡಿ ಸಿಲಿಂಡರಿಗೆ ಹೋಗಿ ಆಯಿಲ್‌ಗೆ ಇಳಿಯುತ್ತದೆ. ಆಮೇಲೆ ಆಯಿಲ್ ಎಣ್ಣೆಯ ಕೆಲಸ ಬಿಟ್ಟು ಉಪ್ಪುಕಾಗದದ ಕೆಲಸ ಮಾಡುತ್ತದೆ. ಇದರ ಮೇಲೆ ತಳಕಲ್ಲಿನಿಂದ ಕುಕನೂರಿಗೆ, ಕುಕನೂರಿನಿಂದ ತಳಕಲ್ಲಿಗೆ ಎಂಬಂಥ ಗಿಡ್ಡ ಓಡಾಟ. ಎಂಜಿನ್ ಪೂರ್ತಿ ಕಾಯುವುದರೊಳಗೆ ಆರಿಸುತ್ತೇವೆ. ಉರಿಯದ ಪೆಟ್ರೋಲ್, ನೀರಿನ ಪಸೆ ಆಯಿಲ್‌ನಲ್ಲೇ ಉಳಿಯುತ್ತವೆ. ಕೈಪಿಡಿಗಳಲ್ಲಿ ಧೂಳಿನ ರಸ್ತೆ, ಗಿಡ್ಡ ಪ್ರಯಾಣ, ನಿಂತಲ್ಲೇ ಎಂಜಿನ್ ಓಡಿಸುವುದು, ಇವನ್ನೆಲ್ಲ ಕಠಿಣ ಬಳಕೆ ಎಂದು ಬೇರೆ ಪುಟದಲ್ಲಿ ಕೊಟ್ಟಿರುತ್ತಾರೆ. ಆ ಪುಟ ಓದುವವರು ಕಡಿಮೆ. ನಮ್ಮದು ಆ ಪುಟದ ಬಳಕೆ. ಹತ್ತು ಸಾವಿರ ಕಿಲೋಮೀಟರಿಗೋ ವರ್ಷಕ್ಕೋ ಎಂದಿರುವ ಆಯಿಲ್ ಚೇಂಜನ್ನು ಐದಾರು ಸಾವಿರಕ್ಕೆ ಇಳಿಸುವುದು ಲೇಸು. ಕಾರು ಓಡದೆ ಶೆಡ್ಡಿನಲ್ಲೇ ನಿಂತಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಇನ್ನು ಅಳತೆ.

ಸಣ್ಣ ಪೆಟ್ರೋಲ್ ಕಾರುಗಳು ಎರಡೂವರೆಯಿಂದ ನಾಲ್ಕು ಲೀಟರ್ ಒಳಗೆ ಆಯಿಲ್ ಹಿಡಿಯುತ್ತವೆ. ಅಂಗಡಿಯಲ್ಲಿ ಸಿಗುವುದು ಒಂದು, ಮೂರು, ಮೂರೂವರೆ, ನಾಲ್ಕು ಲೀಟರಿನ ಡಬ್ಬಿಗಳು. ಡಬ್ಬಿಯ ಲೆಕ್ಕಕ್ಕೂ ಎಂಜಿನ್ನಿನ ಲೆಕ್ಕಕ್ಕೂ ತಾಳೆಯಾಗಬೇಕೆಂಬ ನಿಯಮ ಎಲ್ಲೂ ಇಲ್ಲ. 2.7 ಲೀಟರ್ ಹಿಡಿಯುವ ಎಂಜಿನ್ನಿಗೆ ಮೂರು ಲೀಟರ್ ಡಬ್ಬಿ ಬೋರಲು ಹಾಕಿದರೆ 300 ಮಿಲಿಲೀಟರ್ ಹೆಚ್ಚಾಯಿತು. 3.5 ಹಿಡಿಯುವುದಕ್ಕೆ ಅದೇ ಡಬ್ಬಿ ಸುರಿದರೆ ಅರ್ಧ ಲೀಟರ್ ಕಮ್ಮಿ. ಎರಡೂ ಕಾರು ಒಂದೇ ದಿನ ಒಂದೇ ಗ್ಯಾರೇಜಿನಿಂದ "ಫುಲ್ ಸರ್ವಿಸ್" ಮಾಡಿಸಿಕೊಂಡು ಹೊರಬಂದಿರುತ್ತವೆ.

ಕೈಪಿಡಿಯಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ: ಫಿಲ್ಟರ್ ಬದಲಿಸಿದರೆ ಇಷ್ಟು, ಬದಲಿಸದಿದ್ದರೆ ಇಷ್ಟು. ಹೊಸ ಫಿಲ್ಟರ್ ತಾನೇ ಇನ್ನೂರು ಮುನ್ನೂರು ಮಿಲಿಲೀಟರ್ ಕುಡಿಯುತ್ತದೆ. ಅದಲ್ಲದೆ ಹಳೆಯ ಆಯಿಲ್ ಪೂರ್ತಿ ಇಳಿಯುವುದಿಲ್ಲ. ಎಂಜಿನ್ ತಣ್ಣಗಿದ್ದಾಗ ಆಯಿಲ್ ಇಳಿಸುವ ಬೋಲ್ಟ್ ಬಿಚ್ಚಿ ಎರಡೇ ನಿಮಿಷದಲ್ಲಿ ಮುಚ್ಚಿದರೆ ಸಾಕಷ್ಟು ಒಳಗೇ ಉಳಿದು, ಹೊಸದನ್ನು ಅಳೆದು ಹಾಕಿದರೂ ಹೆಚ್ಚಾಗುತ್ತದೆ. ಆದ್ದರಿಂದ ಕೈಪಿಡಿಯ ಲೀಟರ್ ಡಬ್ಬಿ ಕೊಳ್ಳುವುದಕ್ಕೆ ಆಧಾರ. ಕೊನೆಯ ತೀರ್ಪು ಕೊಡುವುದು ಡಿಪ್‌ಸ್ಟಿಕ್, ನಮ್ಮ ಮೆಕ್ಯಾನಿಕ್‌ಗಳು ಆಯಿಲ್ ಗೇಜು ಎನ್ನುವ ಆ ಉದ್ದನೆಯ ಕಡ್ಡಿ.

ಅದನ್ನು ನೋಡುವ ಕ್ರಮ ಹೀಗೆ. ಕಾರು ಸಮತಟ್ಟಾದ ಜಾಗದಲ್ಲಿರಲಿ, ಒಂದು ಗಾಲಿ ಗಟಾರದ ಕಲ್ಲಿನ ಮೇಲಿದ್ದರೆ ಅಳತೆ ಸುಳ್ಳಾಗುತ್ತದೆ. ಎಂಜಿನ್ ಕಾದು, ಆರಿಸಿ, ಐದು ನಿಮಿಷ ಕಳೆದಿರಲಿ. ಹಳದಿ ಅಥವಾ ಕಿತ್ತಳೆ ಬಣ್ಣದ ಹಿಡಿ ಹಿಡಿದು ಕಡ್ಡಿ ಎಳೆಯಿರಿ. ಮೊದಲ ಸಲದ ಅಳತೆಯನ್ನು ನಂಬಬೇಡಿ, ಕೊಳವೆಯ ಗೋಡೆಗೆ ಚಿಮ್ಮಿದ ಆಯಿಲ್ ಕಡ್ಡಿಗೆಲ್ಲ ಮೆತ್ತಿರುತ್ತದೆ. ದಾರ ಬಿಡದ ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗಿಳಿಸಿ, ಎಳೆದು ಅಡ್ಡಡ್ಡ ಹಿಡಿಯಿರಿ. ತುದಿಯಲ್ಲಿ ಎರಡು ತೂತೋ ಎರಡು ಗೆರೆಯೋ ಇರುತ್ತವೆ. ಆಯಿಲ್ ಆ ಎರಡರ ನಡುವೆ, ಮೇಲಿನ ಗೆರೆಯ ಹತ್ತಿರ ಇರಬೇಕು. ಎರಡು ಬದಿಯಲ್ಲೂ ಬೇರೆ ಬೇರೆ ಕಂಡರೆ ಕೆಳಗಿನದ್ದೇ ಸರಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಕೆಳಗೆರೆಯಿಂದ ಮೇಲ್ಗೆರೆಗೆ ಮುಕ್ಕಾಲರಿಂದ ಒಂದು ಲೀಟರ್ ವ್ಯತ್ಯಾಸ. ಕೆಳಗೆರೆಯಲ್ಲಿದೆ ಎಂದರೆ ಮೂರು ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಇಲ್ಲ ಎಂದಾಯಿತು.

ಸರ್ವಿಸ್ ಮಾಡಿಸುವಾಗ ಹೇಳಬೇಕಾದದ್ದು ಇಷ್ಟೇ: ಕೈಪಿಡಿಯ ಅಳತೆಗಿಂತ ಅರ್ಧ ಲೀಟರ್ ಕಮ್ಮಿ ಹಾಕಿ, ಎಂಜಿನ್ ಒಂದು ನಿಮಿಷ ಓಡಿಸಿ, ಆರಿಸಿ, ಐದು ನಿಮಿಷ ಬಿಟ್ಟು ಗೇಜು ನೋಡಿ, ಆಮೇಲೆ ನೂರು ನೂರು ಮಿಲಿಲೀಟರ್ ಸೇರಿಸುತ್ತಾ ಮೇಲಿನ ಗೆರೆಗೆ ತನ್ನಿ. ಉಳಿದ ಆಯಿಲ್ ದಂಡವಲ್ಲ. ಮುಚ್ಚಳ ಬಿಗಿಮಾಡಿ ಡಿಕ್ಕಿಯಲ್ಲಿಟ್ಟರೆ ಟಾಪ್ ಅಪ್‌ಗೆ ಬರುತ್ತದೆ.

"ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೇದಲ್ಲವೇ" ಎನ್ನುವವರಿಗೆ ಉತ್ತರ: ಅಲ್ಲ. ಗೆರೆಗಿಂತ ಕೂದಲೆಳೆಯಷ್ಟು ಮೇಲಿದ್ದರೆ ಆಕಾಶ ಬೀಳುವುದಿಲ್ಲ. ಆದರೆ ಅರ್ಧ ಲೀಟರ್ ಹೆಚ್ಚಾದರೆ ಮಟ್ಟ ಏರಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲ್‌ಗೆ ಬಡಿದು ಮಜ್ಜಿಗೆ ಕಡೆದಂತೆ ನೊರೆ ಎಬ್ಬಿಸಬಹುದು. ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತದೆ, ಬೇರಿಂಗಿಗೆ ನೊರೆ ಸಿಗುತ್ತದೆ. ಒತ್ತಡ ಸೀಲುಗಳನ್ನು ತಳ್ಳಿ ಆಯಿಲ್ ಜಿನುಗುತ್ತದೆ, ಏರ್ ಫಿಲ್ಟರಿನ ಪೆಟ್ಟಿಗೆಗೂ ಆಯಿಲ್ ಬರುತ್ತದೆ. ಮಾಲೀಕ ಆಗ "ಎಂಜಿನ್ ಆಯಿಲ್ ತಿನ್ನುತ್ತಿದೆ" ಎಂದು ಇನ್ನಷ್ಟು ಗಟ್ಟಿ ಆಯಿಲ್ ಹುಡುಕುತ್ತಾನೆ. ಹೆಚ್ಚಾಗಿದ್ದರೆ ಬೋಲ್ಟ್ ಸಡಿಲಿಸಿ ಇಳಿಸಬೇಕು, ಇಲ್ಲವೇ ಗೇಜಿನ ಕೊಳವೆಗೆ ಸಣ್ಣ ಪೈಪು ಬಿಟ್ಟು ಸಿರಿಂಜಿನಿಂದ ಎಳೆಸಬೇಕು.

ಕಮ್ಮಿಯಾದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು: ಸೀಜ್. ಗೊತ್ತಿಲ್ಲದ ಸಂಗತಿ ಒಂದಿದೆ. ಡ್ಯಾಶ್‌ಬೋರ್ಡಿನಲ್ಲಿ ಹೊತ್ತುವ ಕೆಂಪು ಆಯಿಲ್ ದೀಪ ಮಟ್ಟವನ್ನು ತೋರಿಸುವುದಿಲ್ಲ, ಒತ್ತಡವನ್ನು ತೋರಿಸುತ್ತದೆ. ಆಯಿಲ್ ಅರ್ಧ ಲೀಟರ್ ಇಳಿದರೂ, ಮುಕ್ಕಾಲು ಲೀಟರ್ ಇಳಿದರೂ ಅದು ಸುಮ್ಮನೆ ಕೂತಿರುತ್ತದೆ. ಪಂಪಿಗೆ ಎಳೆಯಲು ಆಯಿಲ್ಲೇ ಸಿಗದಾದಾಗ ಹೊತ್ತುತ್ತದೆ. ತಿರುವಿನಲ್ಲೋ ಜೋರಾಗಿ ಬ್ರೇಕ್ ಹಾಕಿದಾಗಲೋ ಅದು ಒಂದು ಸಲ ಮಿನುಗಿ ಆರಿದರೂ ಸಾಕು, ನಿಲ್ಲಿಸಿ ಗೇಜು ನೋಡಿ. ಹೊತ್ತಿಯೇ ಉಳಿದರೆ "ಮುಂದಿನ ಊರಿನಲ್ಲಿ ತೋರಿಸಿದರಾಯಿತು" ಎಂಬ ಮಾತೇ ಬೇಡ. ಪಕ್ಕಕ್ಕೆ ಹಾಕಿ ಕೂಡಲೇ ಎಂಜಿನ್ ಆರಿಸಿ. ಆಯಿಲ್ ಕಮ್ಮಿಯಿದ್ದು, ಹತ್ತಿರದ ಅಂಗಡಿಯಲ್ಲಿ ಸಿಗುವುದು ಬೈಕಿನ 20ಡಬ್ಲ್ಯೂ-40 ಬಾಟಲಿ ಮಾತ್ರವಾದರೆ? ಹಾಕಿ. ಆಯಿಲ್ಲೇ ಇಲ್ಲದೆ ಓಡುವುದಕ್ಕಿಂತ ತಪ್ಪು ಆಯಿಲ್‌ನಲ್ಲಿ ನಿಧಾನವಾಗಿ ಮನೆ ಸೇರುವುದು ಎಷ್ಟೋ ಮೇಲು. ಆಮೇಲೆ ಬೇಗ ಬದಲಿಸಿಬಿಡಿ. ಇದರ ತಿರುಗುಮುರುಗು ಮಾತ್ರ ಮಾಡಬೇಡಿ: ಕಾರಿನ ಆಯಿಲ್ ಬೈಕಿಗೆ ಹಾಕಿದರೆ, ಆಯಿಲ್‌ನಲ್ಲೇ ಮುಳುಗಿರುವ ಅದರ ಕ್ಲಚ್ ಜಾರಬಹುದು.

ಬ್ರ್ಯಾಂಡ್ ಯಾವುದು ಎಂದು ಹಲವರು ಕೇಳುತ್ತಾರೆ. ಅಂಕಿ, ಎಪಿಐ ಅಕ್ಷರ ಸರಿಯಾಗಿದ್ದು ಡಬ್ಬಿ ಅಸಲಿಯಾಗಿದ್ದರೆ ಹೆಸರಾಂತ ಕಂಪನಿಗಳ ನಡುವೆ ನಾನು ಭೇದ ಎಣಿಸುವುದಿಲ್ಲ. ಕೆಲವು ಡಬ್ಬಿಗಳ ಮುಚ್ಚಳದಡಿ ಮೆಕ್ಯಾನಿಕ್‌ಗೆ ಕೂಪನ್ ಇರುತ್ತದೆ. ಯಾವ ಬ್ರ್ಯಾಂಡ್ ಒಳ್ಳೆಯದು ಎಂಬ ಸಲಹೆಯಲ್ಲಿ ಆ ಕೂಪನ್ನಿನ ಪಾಲೂ ಇರಬಹುದು, ಅದು ಅವರ ಹೊಟ್ಟೆಪಾಡು. ನಕಲಿಯ ಕಾಟ ಮಾತ್ರ ದೊಡ್ಡದು. ಸೀಲ್ ಒಡೆಯುವುದು ನಿಮ್ಮ ಕಣ್ಣೆದುರು ನಡೆಯಲಿ, ಖಾಲಿ ಡಬ್ಬಿಗೆ ಸ್ಕ್ರೂಡ್ರೈವರಿನಿಂದ ತೂತು ಮಾಡಿಸಿ, ಅದೇ ಡಬ್ಬಿ ಮತ್ತೆ ತುಂಬಿ ಮಾರಾಟಕ್ಕೆ ಬರಬಾರದು. ಬಿಡಿಯಾಗಿ ಮಾರುವ ಆಯಿಲ್ ಎಷ್ಟು ಅಗ್ಗವಾದರೂ ಬೇಡ.

ಇಳಿಸಿದ ಕರಿ ಆಯಿಲ್ ನಮ್ಮಲ್ಲಿ ತೊಲೆಗೆ, ಬಾಗಿಲಿಗೆ ಗೆದ್ದಲು ಬಾರದಂತೆ ಬಳಿಯಲು ಹೋಗುತ್ತದೆ, ಉಳಿದದ್ದು ಗಟಾರಕ್ಕೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದರಲ್ಲಿ ಎಂಜಿನ್ ಸವೆದ ಲೋಹದ ಪುಡಿ, ಕ್ಯಾನ್ಸರ್ ತರಬಲ್ಲ ರಾಸಾಯನಿಕ ಇರುತ್ತವೆ. ಬರಿಗೈಯಲ್ಲಿ ಮುಟ್ಟುವುದೂ ಒಳ್ಳೆಯದಲ್ಲ, ಬಾವಿ ಬೋರ್‌ವೆಲ್‌ಗಳ ಪಕ್ಕ ಸುರಿಯುವುದಂತೂ ಸಲ್ಲ. ಡ್ರಮ್ಮಿನಲ್ಲಿ ಕೂಡಿಟ್ಟು ನೋಂದಾಯಿತ ಸಂಗ್ರಹಕಾರರಿಗೆ ಕೊಡುವ ಗ್ಯಾರೇಜನ್ನು ಆರಿಸಿಕೊಳ್ಳಿ.

ಈ ಭಾನುವಾರ ಬಾನೆಟ್ ಎತ್ತಿ ಗೇಜು ಎಳೆದು ನೋಡಿ, ಆಮೇಲೆ ತಿಂಗಳಿಗೆರಡು ಸಲವಾದರೂ ನೋಡುತ್ತಿರಿ. ಕೈಪಿಡಿಯಿಂದ ದರ್ಜೆ ಮತ್ತು ಫಿಲ್ಟರ್ ಸಮೇತದ ಲೀಟರ್, ಈ ಎರಡನ್ನು ಬಾನೆಟ್ಟಿನ ಒಳಮೈಗೆ ಅಳಿಸದ ಮಾರ್ಕರಿನಿಂದ ಬರೆದಿಡಿ. ಮುಂದಿನ ಸಲ ಮೆಕ್ಯಾನಿಕ್ "ಯಾವ ಆಯಿಲ್, ಎಷ್ಟು ಹಾಕ್ಲಿರಿ" ಎಂದು ಕೇಳಿದರೆ ಅದನ್ನೇ ತೋರಿಸಿ.